ಯಾವ ಅಂಗಕ್ಕೆ ಎಷ್ಟು ರಕ್ತ ಎಂದು ತೀರ್ಮಾನಿಸುವುದು ಯಾರು?

ಪ್ರಶ್ನೆ: ಜೀವಶಾಸ್ತ್ರ ಅಧ್ಯಾಪಕ, ನೀರ್ಚಾಲು

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ರಕ್ತ ಪರಿಚಲನೆಯ ಪಾಠದಲ್ಲಿ ಹೃದಯದ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟು ಇರುತ್ತದೆ. ರಕ್ತನಾಳಗಳ ವಿಷಯ ಬಂದಾಗ ಮಾತ್ರ ಅಪಧಮನಿ, ಅಭಿಧಮನಿ, ಲೋಮನಾಳ ಎಂಬ ಮೂರು ಹೆಸರುಗಳನ್ನು ಬರೆಸಿ, ಒಂದರ ಗೋಡೆ ದಪ್ಪ, ಇನ್ನೊಂದರದು ತೆಳು ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಇತ್ತೀಚೆಗೆ ಒಬ್ಬಳು ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಹಾಗೆ ದಾಟಿಹೋಗಲು ನನಗೆ ಮನಸ್ಸಾಗಲಿಲ್ಲ. ಓಡುವಾಗ ಕಾಲಿಗೆ ಹೆಚ್ಚು ರಕ್ತ ಹೋಗುತ್ತದೆ, ಉಂಡ ಮೇಲೆ ಹೊಟ್ಟೆಗೆ ಹೆಚ್ಚು ಹೋಗುತ್ತದೆ ಎಂದು ಹೇಳುತ್ತೀರಿ. ಆದರೆ ಹೃದಯ ಒಂದೇ, ಅದರಿಂದ ಹೊರಡುವ ದೊಡ್ಡ ನಾಳವೂ ಒಂದೇ. ಹಾಗಿದ್ದರೆ ಎಲ್ಲಿಗೆ ಎಷ್ಟು ಎಂದು ತೀರ್ಮಾನಿಸುವವರು ಯಾರು ಎಂಬುದು ಅವಳ ಪ್ರಶ್ನೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪುಗಳಿಗೆ ಅಲ್ಲಲ್ಲಿ ಗೇಟ್‌ವಾಲ್ವ್ ಇಟ್ಟ ಹಾಗೆ ನಾಳಗಳಲ್ಲಿಯೂ ಏರ್ಪಾಡು ಇದೆ ಎಂದೆ. ಆ ವಾಲ್ವನ್ನು ತಿರುಗಿಸುವುದು ಯಾರು ಎಂದು ಅವಳು ಕೂಡಲೇ ಮರುಪ್ರಶ್ನೆ ಹಾಕಿದಳು. ಮೆದುಳು ಎಂಬ ಒಂದೇ ಮಾತಿನ ಉತ್ತರ ಸಾಲದು ಎಂದು ನನಗೂ ಅನಿಸುತ್ತದೆ.

ಇದರ ಜೊತೆಗೆ ಮನೆಯ ಒಂದು ಸಂಗತಿಯೂ ಇದೆ. ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಹಂಡೆಯ ಬಿಸಿನೀರಿನಲ್ಲಿ ಚೆನ್ನಾಗಿ ಸ್ನಾನ ಮಾಡಿ, ಊಟ ಮುಗಿಸಿ ಏಳುವಾಗ ಅವರಿಗೆ ಕೆಲವೊಮ್ಮೆ ಕಣ್ಣು ಕತ್ತಲೆ ಬರುತ್ತದೆ. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರೆ ಸರಿಯಾಗುತ್ತದೆ. ಸಂಜೆಯಾಗುವಾಗ ಪಾದದ ಗಂಟು ಬೀಗಿರುತ್ತದೆ. ಹೃದಯ ಪರೀಕ್ಷೆಯಲ್ಲಿ ತೊಂದರೆಯೇನೂ ಕಾಣಲಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಇವೆಲ್ಲ ರಕ್ತನಾಳಗಳಿಗೆ ಸಂಬಂಧಿಸಿದ್ದೇ ಎಂದು ತಿಳಿಯುವ ಆಸೆ.

ಉತ್ತರ: ಶರೀರಕ್ರಿಯಾಶಾಸ್ತ್ರದ ನಿವೃತ್ತ ಅಧ್ಯಾಪಕಿ, ಕುಂಬಳೆ

ಮಾಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ ಎರಡನೆಯ ಪ್ರಶ್ನೆಯೇ ಈ ವಿಷಯದ ತಿರುಳು. ಗೇಟ್‌ವಾಲ್ವಿನ ಹೋಲಿಕೆ ಒಂದು ಮಟ್ಟದವರೆಗೆ ಸರಿಯಾಗಿಯೇ ನಡೆಯುತ್ತದೆ. ಆದರೆ ತೋಟದ ವಾಲ್ವು ತಾನಾಗಿ ತಿರುಗುವುದಿಲ್ಲ, ರಕ್ತನಾಳದ ಗೋಡೆ ತಾನಾಗಿಯೂ ತಿರುಗುತ್ತದೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮನದಟ್ಟು ಮಾಡಿಸಿದರೆ ಪಾಠದ ಮುಕ್ಕಾಲು ಭಾಗ ಮುಗಿದಂತೆ.

ಮೊದಲು ಆ ವಾಲ್ವು ಎಲ್ಲಿದೆ ಎಂದು ನೋಡೋಣ. ಹೃದಯದಿಂದ ಹೊರಡುವ ಮಹಾಪಧಮನಿಯಾಗಲಿ, ಕೈಕಾಲುಗಳಿಗೆ ಹೋಗುವ ದೊಡ್ಡ ಅಪಧಮನಿಗಳಾಗಲಿ ರಕ್ತದ ಹರಿವಿಗೆ ಹೆಚ್ಚು ತಡೆ ಒಡ್ಡುವುದಿಲ್ಲ. ಅವುಗಳುದ್ದಕ್ಕೂ ಒತ್ತಡ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಲೋಮನಾಳಗಳಿಗೆ ಸ್ವಲ್ಪ ಮೊದಲು ಬರುವ, ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಸಪೂರವಾದ ಕಿರುಧಮನಿಗಳಲ್ಲಿ ಮಾತ್ರ ಒತ್ತಡ ಒಮ್ಮೆಗೇ ಇಳಿಯುತ್ತದೆ. ಅವುಗಳನ್ನು ಪ್ರವೇಶಿಸುವಾಗ 85 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿದ್ದ ಸರಾಸರಿ ಒತ್ತಡ, ಅವುಗಳನ್ನು ದಾಟಿ ಲೋಮನಾಳಕ್ಕೆ ಬರುವಾಗ 30ರಿಂದ 35ಕ್ಕೆ ಬಂದಿರುತ್ತದೆ. ಒತ್ತಡ ಎಲ್ಲಿ ಹೆಚ್ಚು ಇಳಿಯುತ್ತದೆಯೋ ಅಲ್ಲಿಯೇ ತಡೆ ಇದೆ ಎಂದರ್ಥ. ಆದ್ದರಿಂದ ವಾಲ್ವು ಇರುವುದೂ ಅಲ್ಲಿಯೇ.

ಈ ಕಿರುಧಮನಿಗಳ ಗೋಡೆಯಲ್ಲಿ ನಯವಾದ ಸ್ನಾಯುಕೋಶಗಳು ನಾಳವನ್ನು ಸುತ್ತುವರಿದಿರುತ್ತವೆ. ಅವು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿಸಿದರೆ ಹಿಗ್ಗುತ್ತದೆ. ಎಷ್ಟು ಸ್ವಲ್ಪ ಬಿಗಿದರೂ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ, ಫ್ರಾನ್ಸಿನ ಪ್ವಾಸೇಯ್ ಎಂಬ ವೈದ್ಯ 1840ರ ದಶಕದಲ್ಲಿ ಸಪೂರ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಕಂಡುಕೊಂಡ ನಿಯಮವಿದೆ: ಉಳಿದದ್ದೆಲ್ಲ ಒಂದೇ ಆಗಿದ್ದರೆ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಲ್ಲ, ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹರಿವನ್ನು ಅರ್ಧಕ್ಕೆ ಇಳಿಸಲು ತ್ರಿಜ್ಯ ಶೇಕಡಾ 16ರಷ್ಟು ಕಿರಿದಾದರೆ ಸಾಕು. ಇದನ್ನು ಬೋರ್ಡಿನ ಮೇಲೆ ಲೆಕ್ಕವಾಗಿಯೇ ಮಾಡಿಸಿ ಎಂದು ನನ್ನ ಸಲಹೆ, ಏಕೆಂದರೆ ದೇಹವು ಹೃದಯವನ್ನು ಹೆಚ್ಚು ದುಡಿಸದೆ ರಕ್ತವನ್ನು ಒಂದು ಅಂಗದಿಂದ ಇನ್ನೊಂದಕ್ಕೆ ಹೇಗೆ ಹೊರಳಿಸಬಲ್ಲದು ಎಂಬುದು ಆ ಲೆಕ್ಕದಲ್ಲಿಯೇ ಕಾಣಿಸುತ್ತದೆ.

ಇನ್ನು ತಿರುಗಿಸುವವರು ಯಾರು ಎಂಬ ಪ್ರಶ್ನೆ. ನರಗಳ ಪಾತ್ರ ಮೊದಲು ತಿಳಿದುಬಂದದ್ದು. 1851ರಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಮೊಲದ ಕುತ್ತಿಗೆಯ ಸಿಂಪಥೆಟಿಕ್ ನರವನ್ನು (ನಮ್ಮ ಇಚ್ಛೆಗೆ ಕಾಯದೆ ಒಳ ಅಂಗಗಳನ್ನು ನಡೆಸುವ ನರಗಳಲ್ಲಿ ಒಂದು ಬಗೆ) ಕತ್ತರಿಸಿದಾಗ ಆ ಬದಿಯ ಕಿವಿ ಕೆಂಪಾಗಿ ಬಿಸಿಯಾಯಿತು. ಮರುವರ್ಷ ಬ್ರೌನ್-ಸೆಕಾರ್ ಅದೇ ನರದ ತುಂಡಿಗೆ ವಿದ್ಯುತ್ ಹಾಯಿಸಿದಾಗ ಕಿವಿ ಬಿಳಿಚಿಕೊಂಡಿತು. ಅಂದರೆ ಈ ನರಗಳು ಸದಾ ಸಣ್ಣ ಪ್ರಮಾಣದಲ್ಲಿ ಸಂಕೇತ ಕಳಿಸುತ್ತಾ ನಾಳಗಳನ್ನು ಅರೆಬಿಗಿಯಲ್ಲಿ ಇಟ್ಟಿರುತ್ತವೆ. ಈ ಅರೆಬಿಗಿ ಇರುವುದರಿಂದಲೇ ನಾಳಕ್ಕೆ ಎರಡೂ ಕಡೆಗೆ ಅವಕಾಶ ಉಳಿಯುತ್ತದೆ. ಪೂರ್ತಿ ಸಡಿಲವಾಗಿಯೇ ಇದ್ದಿದ್ದರೆ ಹಿಗ್ಗಲು ಜಾಗವೇ ಇರುತ್ತಿರಲಿಲ್ಲ.

ಆದರೆ ನರಗಳನ್ನೆಲ್ಲ ತೆಗೆದರೂ ನಾಳ ಸುಮ್ಮನಿರುವುದಿಲ್ಲ. ಒಳಗಿನ ಒತ್ತಡ ಏರಿ ಗೋಡೆ ಹಿಗ್ಗಿದರೆ ಸ್ನಾಯುಕೋಶ ಮರುಬಿಗಿಯುತ್ತದೆ, ಒತ್ತಡ ಇಳಿದರೆ ಸಡಿಲಿಸುತ್ತದೆ ಎಂದು ಲಂಡನ್ನಿನ ವಿಲಿಯಂ ಬೇಲಿಸ್ 1902ರಲ್ಲಿ ತೋರಿಸಿದರು. ಎಳೆತಕ್ಕೆ ಸ್ಪಂದಿಸುವ ದ್ವಾರಗಳು ಕೋಶದ ಪೊರೆಯಲ್ಲಿ ತೆರೆದು, ಅದರಿಂದ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ, ಕ್ಯಾಲ್ಸಿಯಂ ಒಳಕ್ಕೆ ಬಂದು ಸ್ನಾಯು ಬಿಗಿಯುತ್ತದೆ. ಮೆದುಳು ಮತ್ತು ಮೂತ್ರಪಿಂಡಗಳು ರಕ್ತದೊತ್ತಡ ಮೇಲೆ ಕೆಳಗೆ ಆಗುತ್ತಿದ್ದರೂ ತಮ್ಮ ಪಾಲಿನ ಹರಿವನ್ನು ಸ್ಥಿರವಾಗಿ ಇಟ್ಟುಕೊಳ್ಳುವುದರಲ್ಲಿ ಈ ಗುಣದ ಪಾಲು ದೊಡ್ಡದು. ನನಗೆ ಈ ಸ್ನಾಯುವಿನ ಇನ್ನೊಂದು ಗುಣದ ಮೇಲೆ ವಿಶೇಷ ಅಭಿಮಾನ: ಒಮ್ಮೆ ಬಿಗಿದ ಮೇಲೆ ಅದು ಕೈಕಾಲಿನ ಸ್ನಾಯುಗಳಿಗೆ ಬೇಕಾಗುವ ಶಕ್ತಿಯ ಸಣ್ಣ ಅಂಶದಲ್ಲಿಯೇ ಆ ಬಿಗಿಯನ್ನು ಗಂಟೆಗಟ್ಟಲೆ ಹಿಡಿದಿಡಬಲ್ಲದು. ಜೀವಮಾನವಿಡೀ ಬಿಡುವಿಲ್ಲದೆ ಬಿಗಿದಿರಬೇಕಾದ ಸ್ನಾಯುವಿಗೆ ಅದು ಇರಲೇಬೇಕಾದ ಗುಣ.

ಮೂರನೆಯದಾಗಿ ಅಂಗವೇ ತನ್ನ ಬೇಡಿಕೆಯನ್ನು ತಿಳಿಸುತ್ತದೆ. ಅಡಿಕೆ ಮರ ಹತ್ತುವವರ ತೊಡೆಯ ಸ್ನಾಯು ದುಡಿಯುವಾಗ ಅಲ್ಲಿ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್, ಅಡೆನೋಸಿನ್, ಪೊಟ್ಯಾಸಿಯಂ, ಆಮ್ಲೀಯತೆ ಹೆಚ್ಚುತ್ತವೆ. ಈ ಪದಾರ್ಥಗಳು ಪಕ್ಕದ ಕಿರುಧಮನಿಗಳನ್ನು ಸಡಿಲಿಸುತ್ತವೆ. ಅದೇ ಹೊತ್ತಿಗೆ ಸಿಂಪಥೆಟಿಕ್ ನರಗಳು ಇಡೀ ದೇಹದ ನಾಳಗಳಿಗೆ ಬಿಗಿಯಿರಿ ಎಂದು ಹೇಳುತ್ತಿರುತ್ತವೆ. ಕರುಳಿನಲ್ಲಿ ಮತ್ತು ಮೂತ್ರಪಿಂಡದಲ್ಲಿ ಆ ಮಾತು ನಡೆಯುತ್ತದೆ, ದುಡಿಯುತ್ತಿರುವ ಸ್ನಾಯುವಿನಲ್ಲಿ ನಡೆಯುವುದಿಲ್ಲ, ಅಲ್ಲಿ ಸ್ಥಳೀಯ ಬೇಡಿಕೆ ಮೇಲುಗೈ ಪಡೆಯುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೃದಯದಿಂದ ಹೊರಟರೆ ಅದರಲ್ಲಿ ಸ್ನಾಯುಗಳಿಗೆ ಸಲ್ಲುವುದು ಸುಮಾರು ಐದನೆಯ ಒಂದು ಭಾಗ. ಕಠಿಣ ದುಡಿಮೆಯಲ್ಲಿ, ಪಳಗಿದ ದೇಹದಲ್ಲಿ, ಒಟ್ಟು 20ರಿಂದ 25 ಲೀಟರಿಗೆ ಏರಿದಾಗ ಐದರಲ್ಲಿ ನಾಲ್ಕು ಭಾಗ ಸ್ನಾಯುಗಳಿಗೇ ಹೋಗುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ನೀವು ಹೇಳಬಹುದಾದ ಉತ್ತರ ಇದು: ಒಟ್ಟು ಒತ್ತಡವನ್ನು ಕಾಯುವುದು ನರಗಳ ಮತ್ತು ಹಾರ್ಮೋನುಗಳ ಕೆಲಸ, ಆ ಒತ್ತಡದಿಂದ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುವುದು ಆಯಾ ಅಂಗದ ಕೆಲಸ, ಈ ಎರಡರ ನಡುವಿನ ಜಗ್ಗಾಟ ನಡೆಯುವುದು ಕಿರುಧಮನಿಯ ಗೋಡೆಯಲ್ಲಿ.

ಶ್ವಾಸಕೋಶ ಮಾತ್ರ ಇದಕ್ಕೆ ವ್ಯತಿರಿಕ್ತ. ಆಮ್ಲಜನಕ ಕಡಿಮೆಯಾದಲ್ಲಿ ಅದರ ನಾಳಗಳು ಹಿಗ್ಗುವ ಬದಲು ಕುಗ್ಗುತ್ತವೆ. ಗಾಳಿ ಬಾರದ ಮೂಲೆಗೆ ರಕ್ತ ಕಳಿಸಿ ಪ್ರಯೋಜನವಿಲ್ಲವಲ್ಲ.

ಉತ್ತರ: ಅಡಿಕೆ ಕೃಷಿಕ, ಪೆರ್ಲ

ಕುಂಬಳೆಯ ಅಮ್ಮನವರು ವಿವರಿಸಿದ್ದನ್ನು ಎರಡು ಸಲ ಓದಿದೆ. ನನ್ನದೊಂದು ಪ್ರಶ್ನೆಯೂ ಇದಕ್ಕೆ ಸೇರುತ್ತದೆಯೋ ನೋಡಿ. ಅಭ್ಯಾಸವಿಲ್ಲದವರು ಹಸಿ ಅಡಿಕೆ ಜಗಿದರೆ ಸೊಕ್ಕುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು: ಮುಖ ಕಿವಿ ಬಿಸಿಯಾಗುತ್ತವೆ, ಬೆವರು ಒಡೆಯುತ್ತದೆ, ತಲೆ ತಿರುಗುತ್ತದೆ. ಅಡಿಕೆಯಲ್ಲಿರುವ ಯಾವುದೋ ವಸ್ತು ರಕ್ತನಾಳಗಳ ಮೇಲೆಯೇ ಕೆಲಸ ಮಾಡುತ್ತದೆಯೇ?

ಉತ್ತರ: ವೈದ್ಯ, ಮಂಜೇಶ್ವರ

ಪೆರ್ಲದ ಅಣ್ಣನವರ ಪ್ರಶ್ನೆ ಇಲ್ಲಿ ಬಿಟ್ಟುಹೋಗಿದ್ದ ಒಂದು ದೊಡ್ಡ ಅಧ್ಯಾಯದ ಬಾಗಿಲಿಗೆ ನಮ್ಮನ್ನು ತಂದಿದೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರವಸ್ತುವಿದೆ. ನಮ್ಮ ನರತುದಿಗಳಲ್ಲಿ ಉತ್ಪತ್ತಿಯಾಗುವ ಅಸಿಟೈಲ್‌ಕೋಲಿನ್ ಯಾವ ಗ್ರಾಹಕಗಳನ್ನು (ಕೋಶದ ಮೇಲೆ ಸಂಕೇತ ಸ್ವೀಕರಿಸುವ ಅಣುಗಳನ್ನು) ತಟ್ಟುತ್ತದೆಯೋ ಅವುಗಳಲ್ಲಿ ಒಂದು ಬಗೆಯನ್ನು ಅರೆಕೋಲಿನ್ ಕೂಡ ತಟ್ಟುತ್ತದೆ. ಜೊಲ್ಲು ಸುರಿಯುವುದಕ್ಕೂ ಬೆವರು ಒಡೆಯುವುದಕ್ಕೂ ಆ ಗ್ರಾಹಕಗಳ ಸಂಬಂಧವಿದೆ. ಸೊಕ್ಕಿದಾಗ ಮುಖ ಬಿಸಿಯಾಗುವುದು ಚರ್ಮದ ನಾಳಗಳು ಹಿಗ್ಗಿದ ಗುರುತು. ಅದರಲ್ಲಿ ಅರೆಕೋಲಿನ್ ಒಂದರದೇ ಅಲ್ಲದೆ, ಅಡಿಕೆ ಎಬ್ಬಿಸುವ ಸಿಂಪಥೆಟಿಕ್ ನರಗಳ ಉದ್ರೇಕದ ಪಾಲೂ ಇದೆ.

ಅಸಿಟೈಲ್‌ಕೋಲಿನ್ ನಾಳವನ್ನು ಹಿಗ್ಗಿಸುವ ಬಗೆಯನ್ನು ಕಂಡುಹಿಡಿದ ಸಂಗತಿ ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ತಿಳಿಯಬೇಕಾದದ್ದು. ಜೀವಂತ ಪ್ರಾಣಿಗೆ ಕೊಟ್ಟರೆ ಈ ವಸ್ತು ನಾಳಗಳನ್ನು ಹಿಗ್ಗಿಸಿ ರಕ್ತದೊತ್ತಡ ಇಳಿಸುತ್ತಿತ್ತು. ಆದರೆ ಮೊಲದ ಮಹಾಪಧಮನಿಯನ್ನು ಪಟ್ಟಿಯಾಗಿ ಸೀಳಿ ಪ್ರಯೋಗಶಾಲೆಯಲ್ಲಿ ತೂಗುಹಾಕಿ ಅದೇ ವಸ್ತುವನ್ನು ಹಾಕಿದರೆ ಪಟ್ಟಿ ಬಿಗಿಯುತ್ತಿತ್ತು. ಈ ವಿರೋಧಾಭಾಸವನ್ನು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಝವಾಡ್ಸ್ಕಿ 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಿಡಿಸಿದರು. ಪಟ್ಟಿ ಕತ್ತರಿಸುವಾಗ ನಾಳದ ಒಳಮೈ ಉಜ್ಜಿಹೋಗಿ, ಅಲ್ಲಿ ಒಂದೇ ಕೋಶದಷ್ಟು ದಪ್ಪಕ್ಕೆ ಹಾಸಿದ್ದ ಎಂಡೋಥೀಲಿಯಂ ಎಂಬ ಪದರ ಅಳಿಸಿಹೋಗುತ್ತಿತ್ತು. ಆ ಪದರವನ್ನು ಜೋಪಾನವಾಗಿ ಉಳಿಸಿಕೊಂಡರೆ ಅಸಿಟೈಲ್‌ಕೋಲಿನ್ ನಾಳವನ್ನು ಸಡಿಲಿಸುತ್ತಿತ್ತು. ಅಲ್ಲಿಯವರೆಗೆ ರಕ್ತ ಸೋರದಂತೆ ತಡೆಯುವ ಹಾಸು ಎಂದಷ್ಟೇ ಹೆಚ್ಚಿನವರು ಎಣಿಸಿದ್ದ ಪದರವು, ತನ್ನ ಕೆಳಗಿನ ಸ್ನಾಯುವಿಗೆ ಸಡಿಲಾಗು ಎಂದು ಹೇಳುವ ವಸ್ತುವನ್ನು ಉತ್ಪಾದಿಸುತ್ತದೆ ಎಂದು ಗೊತ್ತಾಯಿತು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂಬುದು 1987ರಲ್ಲಿ ಖಚಿತವಾಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೋ, ಫೆರಿಡ್ ಮುರಾದ್ ಇವರಿಗೆ 1998ರ ನೊಬೆಲ್ ಬಹುಮಾನ ಸಂದಿತು. ಹೃದಯ ನೋವಿಗೆ ನಾಲಿಗೆಯ ಅಡಿಯಲ್ಲಿ ಇಡುವ ನೈಟ್ರೇಟ್ ಮಾತ್ರೆಯೂ ದೇಹದೊಳಗೆ ಇದೇ ಅನಿಲವನ್ನು ಕೊಟ್ಟು ನಾಳಗಳನ್ನು ಸಡಿಲಿಸುತ್ತದೆ. ಇದಕ್ಕೆ ಎದುರಾಗಿ, ನಾಳವನ್ನು ಬಹಳ ಬಲವಾಗಿ ಬಿಗಿಯುವ ಎಂಡೋಥೀಲಿನ್ ಎಂಬ ವಸ್ತುವೂ ಅದೇ ಪದರದಲ್ಲಿ ತಯಾರಾಗುತ್ತದೆ ಎಂದು ಜಪಾನಿನ ಸಂಶೋಧಕರು 1988ರಲ್ಲಿ ತೋರಿಸಿದರು.

ಈ ಪದರ ರಕ್ತದ ಉಜ್ಜುವಿಕೆಯನ್ನೂ ಗ್ರಹಿಸುತ್ತದೆ. ಹರಿವು ಹೆಚ್ಚಿದಷ್ಟೂ ನೈಟ್ರಿಕ್ ಆಕ್ಸೈಡ್ ಹೆಚ್ಚಾಗಿ, ಮೇಲಿನ ದೊಡ್ಡ ನಾಳವೂ ಹಿಗ್ಗಿ ದಾರಿ ಕೊಡುತ್ತದೆ. ದಿನವೂ ನಡೆಯುವುದರಿಂದ ಈ ಸಾಮರ್ಥ್ಯ ಉಳಿಯುತ್ತದೆ. ಧೂಮಪಾನ, ಮಧುಮೇಹ ಮತ್ತು ದೀರ್ಘಕಾಲದ ಏರಿದ ರಕ್ತದೊತ್ತಡ ಅದನ್ನು ಕುಂದಿಸುತ್ತವೆ. ಅಡಿಕೆಯ ಬಗ್ಗೆ ನಮ್ಮ ಊರಿನಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕಾದ ಮಾತಿದೆ: ಸೊಕ್ಕು ಇಳಿದುಹೋಗುತ್ತದೆ, ಆದರೆ ತಂಬಾಕಿಲ್ಲದೆ ಅಡಿಕೆಯೊಂದನ್ನೇ ಜಗಿದರೂ ಬಾಯಿಯ ಕ್ಯಾನ್ಸರಿನ ಅಪಾಯವಿದೆ. ಬೆಳೆಯುವವರ ಬಗ್ಗೆ ನನಗೆ ಪೂರ್ಣ ಗೌರವವಿದೆ; ಜಗಿಯುವ ಅಭ್ಯಾಸವನ್ನು ಮಾತ್ರ ನಾನು ಯಾರಿಗೂ ಸೂಚಿಸಲಾರೆ.

ಮರುಪ್ರಶ್ನೆ: ಜೀವಶಾಸ್ತ್ರ ಅಧ್ಯಾಪಕ, ನೀರ್ಚಾಲು

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿಯಿತು. ಮೆದುಳು ಒತ್ತಡ ಏರಿಳಿದರೂ ತನ್ನ ಪಾಲಿನ ರಕ್ತವನ್ನು ಸ್ಥಿರವಾಗಿ ಇಟ್ಟುಕೊಳ್ಳುತ್ತದೆ ಎಂದಿರಿ. ಹಾಗಿದ್ದ ಮೇಲೆ ತಂದೆಯವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದೇಕೆ? ಅದೂ ಮೊದಲು ಕಣ್ಣಿಗೇ ಏಕೆ?

ಉತ್ತರ: ವೈದ್ಯ, ಮಂಜೇಶ್ವರ

ಆ ಸ್ಥಿರತೆಗೆ ಮಿತಿಯಿದೆ, ಸಮಯವೂ ಬೇಕು. ಸರಾಸರಿ ಒತ್ತಡ ಸುಮಾರು 60ಕ್ಕಿಂತ ಕೆಳಗಿಳಿದರೆ ಮೆದುಳಿನ ನಾಳಗಳು ಎಷ್ಟು ಹಿಗ್ಗಿದರೂ ಸಾಲದು. ಅನೇಕ ವರ್ಷ ರಕ್ತದೊತ್ತಡ ಹೆಚ್ಚಿದ್ದವರಲ್ಲಿ ಈ ಗಡಿ ಇನ್ನೂ ಮೇಲಕ್ಕೆ ಸರಿದಿರುತ್ತದೆ. ನಾಳಗಳು ಹೊಂದಿಕೊಳ್ಳುವುದಕ್ಕೂ ಕೆಲವು ಸೆಕೆಂಡುಗಳು ಹಿಡಿಯುತ್ತವೆ. ಏಳುವ ಕೆಲಸ ಮುಗಿಯುವುದು ಅದಕ್ಕಿಂತ ಬೇಗ.

ಎದ್ದು ನಿಂತ ಕೂಡಲೇ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಗೆ ಇಳಿಯುತ್ತದೆ. ದೇಹದ ರಕ್ತದ ಮೂರರಲ್ಲಿ ಎರಡು ಪಾಲಿನಷ್ಟು ಯಾವಾಗಲೂ ಅಭಿಧಮನಿಗಳಲ್ಲಿಯೇ ಇರುವುದರಿಂದ, ಅವು ಸ್ವಲ್ಪ ಸಡಿಲವಾದರೂ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕುತ್ತಿಗೆಯ ಕೆರೋಟಿಡ್ ಅಪಧಮನಿಯಲ್ಲಿ ಮತ್ತು ಮಹಾಪಧಮನಿಯ ಬಿಲ್ಲಿನಲ್ಲಿ ಇರುವ ಒತ್ತಡಗ್ರಾಹಕಗಳು ಇದನ್ನು ತಕ್ಷಣ ಗ್ರಹಿಸಿ, ಸಿಂಪಥೆಟಿಕ್ ನರಗಳ ಮೂಲಕ ನಾಳಗಳನ್ನು ಬಿಗಿಸಿ, ಹೃದಯ ಬಡಿತವನ್ನು ಹೆಚ್ಚಿಸುತ್ತವೆ. ವಯಸ್ಸಾದಂತೆ ಈ ಪ್ರತಿಕ್ರಿಯೆ ಮಂದವಾಗುತ್ತದೆ. ತಂದೆಯವರ ವಿಷಯದಲ್ಲಿ ಇನ್ನೂ ಮೂರು ಕಾರಣಗಳು ಒಂದೇ ಹೊತ್ತಿಗೆ ಸೇರುತ್ತಿವೆ. ಕರಾವಳಿಯ ಮಧ್ಯಾಹ್ನದ ಸೆಕೆಯ ಮೇಲೆ ಹಂಡೆಯ ಬಿಸಿನೀರು ಬಿದ್ದಾಗ ಚರ್ಮದ ನಾಳಗಳು ಹಿಗ್ಗುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರಿನೊಳಗೆ ಇರುವ ಚರ್ಮದ ಹರಿವು ತೀವ್ರ ಶಾಖದಲ್ಲಿ 6ರಿಂದ 8 ಲೀಟರಿನವರೆಗೂ ಏರಬಲ್ಲದು, ಸ್ನಾನದಲ್ಲಿ ಅಷ್ಟಾಗದಿದ್ದರೂ ದಿಕ್ಕು ಅದೇ. ಊಟವಾದ ಮೇಲೆ ಕರುಳಿನ ನಾಳಗಳು ಹಿಗ್ಗುತ್ತವೆ. ವೃದ್ಧರಲ್ಲಿ ಊಟದ ಬಳಿಕ ಎರಡು ಗಂಟೆಯೊಳಗೆ ಒತ್ತಡ 20 ಅಥವಾ ಹೆಚ್ಚು ಇಳಿಯುವುದು ವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಸಮಸ್ಯೆ. ಅಮ್ಲೋಡಿಪಿನ್ ಸ್ನಾಯುಕೋಶಕ್ಕೆ ಕ್ಯಾಲ್ಸಿಯಂ ಬರುವ ದ್ವಾರವನ್ನೇ ತಡೆಯುವ ಔಷಧ. ಮೂರೂ ಕಡೆ ಬಾಗಿಲು ತೆರೆದಿರುವಾಗ ಎದ್ದು ನಿಂತರೆ ಒತ್ತಡವನ್ನು ಹಿಡಿದು ನಿಲ್ಲಿಸುವುದು ಕಷ್ಟ.

ಇನ್ನು ಕಣ್ಣಿನ ಮಾತು. ಕಣ್ಣುಗುಡ್ಡೆಯ ಒಳಗೆ ಸುಮಾರು 15 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸದಾ ಇರುತ್ತದೆ. ಅಕ್ಷಿಪಟಲಕ್ಕೆ ಹೋಗುವ ರಕ್ತ ಈ ಒತ್ತಡವನ್ನು ಮೀರಿ ಒಳಗೆ ನುಗ್ಗಬೇಕು. ನಿಂತಾಗ ತಲೆ ಹೃದಯಕ್ಕಿಂತ ಮೇಲಿರುವುದರಿಂದ ಅಲ್ಲಿಯ ಒತ್ತಡ ಹೇಗೂ ಸುಮಾರು 20ರಷ್ಟು ಕಡಿಮೆ. ಆದ್ದರಿಂದ ಒತ್ತಡ ಇಳಿದಾಗ ಮೆದುಳಿನ ಪ್ರಜ್ಞೆ ತಪ್ಪುವುದಕ್ಕೆ ಮೊದಲೇ ದೃಷ್ಟಿ ಮಸುಕಾಗುತ್ತದೆ. ಕಣ್ಣು ಕತ್ತಲೆ ಬಂದ ಕ್ಷಣದಲ್ಲಿಯೇ ಕುಳಿತುಬಿಡಬೇಕು ಎನ್ನುವುದು ಇದೇ ಕಾರಣಕ್ಕೆ. ನಿಂತೇ ತಡೆದುಕೊಳ್ಳುವುದು ಸರಿಯಲ್ಲ. ತಂದೆಯವರು ಗೋಡೆ ಹಿಡಿದು ನಿಲ್ಲುವ ಬದಲು ಕುಳಿತುಕೊಳ್ಳಲಿ.

ಉತ್ತರ: ಫಾರ್ಮಸಿಸ್ಟ್, ಮುಳ್ಳೇರಿಯ

ಪಾದ ಬೀಗುವುದರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಔಷಧದ ಅಂಗಡಿಯಲ್ಲಿ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಅಮ್ಲೋಡಿಪಿನ್ ಲೋಮನಾಳಕ್ಕೆ ಮೊದಲಿನ ಕಿರುಧಮನಿಗಳನ್ನು ಚೆನ್ನಾಗಿ ಹಿಗ್ಗಿಸುತ್ತದೆ, ಲೋಮನಾಳದ ನಂತರದ ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಬರುವ ದಾರಿ ಅಗಲವಾಗಿ, ಹೋಗುವ ದಾರಿ ಇದ್ದ ಹಾಗೆಯೇ ಇದ್ದರೆ ನಡುವಿನ ಲೋಮನಾಳದಲ್ಲಿ ಒತ್ತಡ ಏರಿ, ನೀರಿನಂಶ ಅಂಗಾಂಶಕ್ಕೆ ಸೋರುತ್ತದೆ. ಗುರುತ್ವದಿಂದಾಗಿ ಅದು ಪಾದದಲ್ಲಿ ಸಂಜೆಗೆ ಎದ್ದು ಕಾಣುತ್ತದೆ. ದೇಹದಲ್ಲಿ ನೀರು ಹೆಚ್ಚಾದ್ದರಿಂದ ಬಂದ ಬಾವು ಇದಲ್ಲ. ಆದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗಿದರೆ ಬಾವು ಹೆಚ್ಚೇನೂ ಇಳಿಯದೆ, ಎದ್ದು ನಿಂತಾಗಿನ ತಲೆಸುತ್ತು ಮಾತ್ರ ಹೆಚ್ಚಬಹುದು. ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಅಥವಾ ಅಭಿಧಮನಿಗಳನ್ನೂ ಸಡಿಲಿಸುವ, ನಾಳ ಬಿಗಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನನ್ನು ತಡೆಯುವ ವರ್ಗದ ಔಷಧವನ್ನು ಜೊತೆಗೂಡಿಸುತ್ತಾರೆ. ಹಾಗೆ ಮಾಡಿದಾಗ ಬಾವು ಎಷ್ಟೋ ಸಲ ಕಡಿಮೆಯಾಗುತ್ತದೆ. ಪಾದದ ಬಾವಿಗೆ ಬೇರೆ ಕಾರಣಗಳೂ ಇರುವುದರಿಂದ ತೀರ್ಮಾನ ವೈದ್ಯರದೇ ಆಗಬೇಕು. ಮಾತ್ರೆಯನ್ನು ನಾವೇ ನಿಲ್ಲಿಸುವುದು ಖಂಡಿತ ಕೂಡದು.

ತಂದೆಯವರು ಪ್ರಾಸ್ಟೇಟ್ ತೊಂದರೆಗೆ ಟಾಮ್ಸುಲೋಸಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಸಿಂಪಥೆಟಿಕ್ ನರಗಳು ನಾಳಗಳನ್ನು ಬಿಗಿಸಲು ಬಳಸುವ ಗ್ರಾಹಕಗಳನ್ನೂ ಅದು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಬೇರೆ ಬೇರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳೆಲ್ಲ ಒಂದೇ ಚೀಟಿಯಲ್ಲಿ ಇರುವುದಿಲ್ಲವಾದ್ದರಿಂದ ಈ ಜೋಡಿ ಹಲವು ಸಲ ಕಣ್ಣು ತಪ್ಪಿಹೋಗುತ್ತದೆ.

ಮನೆಯಲ್ಲಿ ಬಿಪಿ ನೋಡುವ ಯಂತ್ರವಿದ್ದರೆ ವೈದ್ಯರ ಬಳಿಗೆ ಹೋಗುವ ಮುನ್ನ ಕೆಲವು ದಿನ ಹೀಗೆ ಅಳೆದು ಬರೆದಿಡಿ. ತಂದೆಯವರು ಐದು ನಿಮಿಷ ಮಲಗಿರಲಿ, ಆಗ ಒಮ್ಮೆ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ಅಳೆಯಿರಿ. ಅಷ್ಟು ಹೊತ್ತು ಯಾರಾದರೂ ಪಕ್ಕದಲ್ಲಿಯೇ ಇರಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ನಿಂತಾಗ ಒತ್ತಡ ಕುಸಿಯುವ ಸಮಸ್ಯೆ ಎಂದೇ ಲೆಕ್ಕ. ಬೆಳಿಗ್ಗೆ ಒಮ್ಮೆ ಮತ್ತು ಮಧ್ಯಾಹ್ನದ ಊಟವಾಗಿ ಒಂದು ಗಂಟೆಗೆ ಒಮ್ಮೆ ಅಳೆದರೆ ಊಟದ ಪಾಲು ಎಷ್ಟು ಎಂಬುದೂ ವೈದ್ಯರಿಗೆ ಕಾಣಿಸುತ್ತದೆ. ಅಲ್ಲಿಯವರೆಗೆ ನೀರಿನ ಬಿಸಿ ಸ್ವಲ್ಪ ತಗ್ಗಿಸಿ, ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಲಿ, ಸ್ನಾನಕ್ಕೂ ಊಟಕ್ಕೂ ನಡುವೆ ಸ್ವಲ್ಪ ಅಂತರವಿರಲಿ, ಏಳುವ ಮೊದಲು ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಮೀನಖಂಡದ ಸ್ನಾಯು ಹಿಂಡಿದಾಗ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ.